ಲಾರಿ ಚಾಲಕನ ಕೈಯಲ್ಲಿ ಬಂದ ಐದು ಸಾವಿರ

ನನ್ನ ಕಚೇರಿಯ ಕಪಾಟಿನಲ್ಲಿ, ಕಾನೂನು ವರದಿಗಳ ದಪ್ಪ ಸಂಪುಟಗಳ ನಡುವೆ, ನೂರು ಪುಟದ ಒಂದು ಶಾಲಾ ನೋಟುಪುಸ್ತಕವಿದೆ. ಅದರ ರಕ್ಷಾಪುಟದ ಮೇಲೆ ‘ಹೆಸರು, ತರಗತಿ, ವಿಷಯ’ ಎಂದು ಅಚ್ಚಾದ ಜಾಗದಲ್ಲಿ ‘ವಿಷಯ’ದ ಮುಂದೆ ಮಾತ್ರ ನನ್ನ ಚಿಕ್ಕಪ್ಪನ ದುಂಡಕ್ಷರದಲ್ಲಿ ‘ತಟ್ಟೆ’ ಎಂದು ಬರೆದಿದೆ. ಒಳಗೆ ತಾರೀಕು, ತಟ್ಟೆಗಳ ಲೆಕ್ಕ, ಲಾರಿಯ ನಂಬರು, ಬರಬೇಕಾದ ಹಣ. ಕೊನೆಯ ಪುಟದ ಮೊತ್ತ ಎಂಬತ್ತನಾಲ್ಕು ಸಾವಿರ ರೂಪಾಯಿ. ಆ ಹಣ ಬರಲಿಲ್ಲ. ಬಾರದೆ ಹೋದದ್ದರಲ್ಲಿ ನನ್ನ ಪಾಲೂ ಇದೆ. ಅದಕ್ಕಾಗಿಯೇ ಆ ಪುಸ್ತಕವನ್ನು ನಾನು ಇಟ್ಟುಕೊಂಡಿದ್ದೇನೆ.

ಅಡಿಕೆಯ ಹಾಳೆ ನಮ್ಮ ಕಾಸರಗೋಡಿನ ಕಡೆಯವರಿಗೆ ಹೊಸ ವಸ್ತುವಲ್ಲ. ಮುಟ್ಟಾಳೆಯಾಗಿ ತಲೆಯ ಮೇಲೆ ಕೂರುತ್ತಿತ್ತು, ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ಇನ್ನೊಬ್ಬ ಎಳೆದುಕೊಂಡು ಹೋಗುವುದು ನಮ್ಮ ಬಾಲ್ಯದ ವಾಹನಸುಖವಾಗಿತ್ತು. ಉಳಿದದ್ದು ಬಚ್ಚಲ ಒಲೆಗೋ ಗೊಬ್ಬರದ ಗುಂಡಿಗೋ ಸೇರುತ್ತಿತ್ತು. 2001ರಲ್ಲಿ ಚಿಕ್ಕಪ್ಪ ಒಂದು ಕೃಷಿಮೇಳದಲ್ಲಿ ಹಾಳೆಯಿಂದ ಊಟದ ತಟ್ಟೆ ಒತ್ತುವ ಯಂತ್ರವನ್ನು ಕಂಡು ಬಂದರು. ಅವರು ಊರಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದವರು. ಯಂತ್ರವಿದ್ಯೆಯನ್ನು ಎಲ್ಲಿಯೂ ಕಲಿತವರಲ್ಲ. ಆದರೂ ಕಂಡುಬಂದ ಯಂತ್ರದಲ್ಲಿ ಅವರಿಗೆ ಎರಡು ಕೊರತೆಗಳು ಹೊಳೆದವು. ಅಚ್ಚಿನ ಅಂಚು ತಗ್ಗಾಗಿದ್ದುದರಿಂದ ಸಾರು ಬಡಿಸಿದರೆ ಹೊರಗೆ ಚೆಲ್ಲುತ್ತಿತ್ತು. ತಟ್ಟೆ ಕತ್ತರಿಸಿ ಉಳಿದ ಹಾಳೆಯ ತುದಿ ವ್ಯರ್ಥವಾಗುತ್ತಿತ್ತು. ಮಂಗಳೂರಿನ ವೆಲ್ಡಿಂಗ್ ಅಂಗಡಿಯೊಂದರಲ್ಲಿ ನಾಲ್ಕು ದಿನ ಕುಳಿತು, ಅಂಚು ಎತ್ತರಿಸಿದ ಒಂದು ಅಚ್ಚನ್ನೂ ತುಂಡು ಹಾಳೆಯಿಂದ ಪಾಯಸದ ಬಟ್ಟಲು ಒತ್ತುವ ಚಿಕ್ಕ ಅಚ್ಚನ್ನೂ ಮಾಡಿಸಿದರು. ಹಟ್ಟಿಯ ಪಕ್ಕದ ಸೌದೆಯ ಕೊಟ್ಟಿಗೆ ಕಾರ್ಖಾನೆಯಾಯಿತು. ನೆರೆಯ ಇಬ್ಬರು ಹೆಂಗಸರು ಹಾಳೆಯನ್ನು ನೀರಿನಲ್ಲಿ ನೆನೆಸಿ, ಉಜ್ಜಿ ತೊಳೆದು, ಕಾದ ಅಚ್ಚಿನ ನಡುವೆ ಇಟ್ಟು ಒತ್ತುವ ಕೆಲಸಕ್ಕೆ ಬಂದರು. ಊರಿನ ಉಪನಯನ, ಮದುವೆ, ದೈವದ ನೇಮ ಎಲ್ಲಕ್ಕೂ ಚಿಕ್ಕಪ್ಪನ ತಟ್ಟೆ ಹೋಗತೊಡಗಿತು.

ಉಪಾಯ ಒಳ್ಳೆಯದಿತ್ತು, ಕೈಗಳಿದ್ದವು, ಕಚ್ಚಾ ಮಾಲು ಅಂಗಳದಲ್ಲಿ ಬೀಳುತ್ತಿತ್ತು, ಗಿರಾಕಿಗಳೂ ಇದ್ದರು. ಹಾಗಾದರೆ ಕೆಟ್ಟದ್ದೆಲ್ಲಿ? ಒಬ್ಬ ಸಾಮಾನ್ಯ ವಕೀಲನಾಗಿ ಇಪ್ಪತ್ತು ವರ್ಷ ಈ ಪ್ರಶ್ನೆಯನ್ನು ಮಗುಚಿ ಹಾಕುತ್ತ ಬಂದಿದ್ದೇನೆ.

ಮೊದಲ ತೊಡಕು ಬ್ಯಾಂಕಿನಲ್ಲಿ ಎದುರಾಯಿತು. ಮಳೆಗಾಲದಲ್ಲಿ ಹಾಳೆಗೆ ಬೂಸಲು ಹಿಡಿಯುತ್ತದೆ. ವರ್ಷವಿಡೀ ಕೆಲಸ ನಡೆಯಬೇಕಾದರೆ ಬೇಸಿಗೆಯಲ್ಲಿಯೇ ಹಾಳೆ ಒಟ್ಟುಮಾಡಿ ಒಣಗಿದ ಉಗ್ರಾಣದಲ್ಲಿ ಇಡಬೇಕು. ಉಗ್ರಾಣಕ್ಕೂ ಇನ್ನೊಂದು ಯಂತ್ರಕ್ಕೂ ಸಾಲ ಬೇಕಿತ್ತು. ಚಿಕ್ಕಪ್ಪನ ವಶದಲ್ಲಿ ಎರಡು ಎಕರೆ ಫಲ ಬರುವ ತೋಟವಿತ್ತು. ಆದರೆ ದಾಖಲೆಯಲ್ಲಿ ಅದು ತೀರಿಕೊಂಡು ಹನ್ನೊಂದು ವರ್ಷವಾಗಿದ್ದ ಅಜ್ಜನ ಹೆಸರಿನಲ್ಲಿಯೇ ಇತ್ತು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡಿದ್ದರು, ಪಾಲುಪಟ್ಟಿ ನೋಂದಣಿಯಾಗಿರಲಿಲ್ಲ. ತೀರ್ವೆಯನ್ನು ತಾನೇ ಕಟ್ಟುತ್ತಿದ್ದರೂ ಆ ನೆಲವನ್ನು ತನ್ನದೆಂದು ಬ್ಯಾಂಕಿಗೆ ತೋರಿಸುವ ಕಾಗದ ಚಿಕ್ಕಪ್ಪನ ಬಳಿ ಇರಲಿಲ್ಲ. ಮುಂಬಯಿಯಲ್ಲಿದ್ದ ಒಬ್ಬ ಅಣ್ಣನ ಸಹಿಗಾಗಿ ಎರಡು ವರ್ಷ ಕಾದರು. ಸಹಿ ಬರಲಿಲ್ಲ. ಸಾಲವೂ ಬರಲಿಲ್ಲ.

ಎರಡನೆಯದು ದೂರದ ಗಿರಾಕಿ. ಬೆಂಗಳೂರಿನ ಒಬ್ಬ ವ್ಯಾಪಾರಿ ಮೊದಲ ಐದಾರು ಹೊರೆಗಳಿಗೆ ಸರಿಯಾಗಿ ಹಣ ಕೊಟ್ಟರು. ಆಮೇಲೆ ಅರ್ಧ, ಆಮೇಲೆ ‘ಮುಂದಿನ ತಿಂಗಳು’. ಒಮ್ಮೆ ಬೂಸಲು ಬಂದಿದೆಯೆಂದು ದೂರಿ ಬೆಲೆ ಕಡಿಮೆ ಮಾಡಿದರು; ಅದರಲ್ಲಿ ಸತ್ಯವೂ ಇತ್ತೆಂದು ಚಿಕ್ಕಪ್ಪನೇ ಒಪ್ಪುತ್ತಾರೆ. ಕೊನೆಯ ಹೊರೆ 2004ರ ಫೆಬ್ರವರಿಯಲ್ಲಿ ಹೋಯಿತು. ಆರ್ಡರ್ ಪತ್ರವಿರಲಿಲ್ಲ, ಬಿಲ್ ಇರಲಿಲ್ಲ, ಮಾಲು ಮುಟ್ಟಿದ್ದಕ್ಕೆ ಸಹಿ ಇರಲಿಲ್ಲ. ಇದ್ದದ್ದು ಫೋನಿನ ಮಾತು ಮತ್ತು ಈ ನೋಟುಪುಸ್ತಕ.

2005ರ ಮೇ ತಿಂಗಳಲ್ಲಿ, ಮನೆತನದ ಒಂದು ಮದುವೆಯ ಪಂಕ್ತಿಯಲ್ಲಿ ಚಿಕ್ಕಪ್ಪ ನನ್ನ ಪಕ್ಕದಲ್ಲಿ ಕುಳಿತಿದ್ದರು. ನಾನು ಕಪ್ಪು ಕೋಟು ಹಾಕಿ ಒಂದು ವರ್ಷವಾಗಿತ್ತಷ್ಟೆ.

“ಬೆಂಗಳೂರಿನವರು ಕೊಡುವುದೇ ಇಲ್ಲ ಮಾರಾಯ. ಒಂದು ನೋಟೀಸು ಕೊಟ್ಟರೆ ಹೇಗೆ?” ಎಂದು ಕೇಳಿದರು.

ನಾನು ತಿಳಿದವನ ಗತ್ತಿನಲ್ಲಿ ಹೇಳಿದೆ: “ನೋಟೀಸು ಕೊಟ್ಟರೆ ಸಂಬಂಧ ಕೆಡುತ್ತದೆ ಚಿಕ್ಕಪ್ಪ. ಸ್ವಲ್ಪ ಕಾಯಿರಿ, ಕೊಟ್ಟಾರು.”

ಅವರು ನನ್ನ ಮಾತು ನಂಬಿದರು. ಕಾದರು. 2006ರ ಆಗಸ್ಟಿನಲ್ಲಿ ಆ ವ್ಯಾಪಾರಿ ಒಬ್ಬ ಲಾರಿ ಚಾಲಕನ ಕೈಯಲ್ಲಿ ಐದು ಸಾವಿರ ರೂಪಾಯಿ ಕಳುಹಿಸಿದರು. ಒಂದು ಚೀಟಿಯೂ ಜೊತೆಗಿರಲಿಲ್ಲ. 2007ರ ಜೂನಿನಲ್ಲಿ, ಧಾರಾಕಾರ ಮಳೆಯ ಒಂದು ದಿನ, ಚಿಕ್ಕಪ್ಪ ಈ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನನ್ನ ಕಚೇರಿಗೆ ಬಂದರು. ನಾನು ತಾರೀಕುಗಳನ್ನು ನೋಡಿದೆ. ಕಾಲಮಿತಿ ಕಾಯಿದೆಯ ಪ್ರಕಾರ, ಮಾರಿದ ಸರಕಿನ ಬೆಲೆಗಾಗಿ, ಗಡುವು ಗೊತ್ತುಮಾಡಿರದಿದ್ದರೆ, ಸರಕು ಒಪ್ಪಿಸಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ನಾಲ್ಕು ತಿಂಗಳ ಹಿಂದೆಯೇ ಆ ಬಾಗಿಲು ಮುಚ್ಚಿತ್ತು. ಆ ಐದು ಸಾವಿರದ ಜೊತೆಗೆ ವ್ಯಾಪಾರಿಯ ಕೈಬರಹದ ಅಥವಾ ಸಹಿಯಿರುವ ಒಂದು ಸಾಲು ಬಂದಿದ್ದರೂ ಸಾಕಿತ್ತು. ಪಾವತಿಯ ದಿನದಿಂದ ಹೊಸದಾಗಿ ಮೂರು ವರ್ಷದ ಎಣಿಕೆ ಆರಂಭವಾಗುತ್ತಿತ್ತು. ಇದನ್ನೆಲ್ಲ ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು. ಆದರೆ ಊಟದ ಪಂಕ್ತಿಯಲ್ಲಿ ಕೇಳಿದ ಚಿಕ್ಕಪ್ಪನಿಗೆ ಹೇಳಲು ನನಗೆ ನೆನಪಾಗಿರಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. “ಹೋಗಲಿ ಬಿಡು” ಎಂದು ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದರು. ಆ ವರ್ಷವೇ ಯಂತ್ರ ನಿಂತಿತು. ಇಬ್ಬರು ಹೆಂಗಸರು ಬೀಡಿ ಕಟ್ಟುವ ಕೆಲಸಕ್ಕೆ ಮರಳಿದರು.

ಇಂಥದ್ದು ನಮ್ಮ ಮನೆಯದೊಂದೇ ಕಥೆಯೆಂದು ಬಹಳ ಕಾಲ ಭಾವಿಸಿದ್ದೆ. ಆಮೇಲೆ ಬಡದೇಶಗಳ ಉದ್ಯಮಗಳ ಬಗ್ಗೆ ಓದುತ್ತ ಹೋದಂತೆ, ಇದೇ ಕಥೆ ಬೇರೆ ಬೇರೆ ಭಾಷೆಗಳಲ್ಲಿ ಲೋಕದ ತುಂಬ ನಡೆದಿದೆ ಎಂಬುದು ತಿಳಿಯಿತು.

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಹೆರ್ನಾಂಡೊ ಡಿ ಸೋಟೊ ಎಂಬ ಅರ್ಥಶಾಸ್ತ್ರಜ್ಞರು 1983ರಲ್ಲಿ ಒಂದು ಪ್ರಯೋಗ ಮಾಡಿಸಿದರು. ಲಿಮಾ ನಗರದ ಅಂಚಿನಲ್ಲಿ ಬಟ್ಟೆ ಹೊಲಿಯುವ ಒಂದು ಚಿಕ್ಕ ಘಟಕವನ್ನು ಕಾನೂನಿನ ಪ್ರಕಾರ ನೋಂದಾಯಿಸಬೇಕು. ಲಂಚ ಕೊಡದೆ ಎಲ್ಲ ಪರವಾನಗಿಗಳನ್ನೂ ಪಡೆಯಬೇಕು. ಎಷ್ಟು ದಿನ ಹಿಡಿಯುತ್ತದೆಂದು ಲೆಕ್ಕವಿಡಬೇಕು. ಅವರ ತಂಡದವರು ಕಚೇರಿಯಿಂದ ಕಚೇರಿಗೆ, ಸರದಿಯಿಂದ ಸರದಿಗೆ ಅಲೆದರು. ಹಿಡಿದದ್ದು 289 ದಿನ. ಖರ್ಚು, ಕೆಲಸಗಾರನೊಬ್ಬನ ತಿಂಗಳ ಕನಿಷ್ಠ ವೇತನದ ಸುಮಾರು 31 ಪಟ್ಟು. ಹತ್ತು ಕಡೆ ಲಂಚ ಕೇಳಿದರು. ಎರಡು ಕಡೆ ಕೊಡದೆ ಮುಂದೆ ಸಾಗುವುದೇ ಸಾಧ್ಯವಿರಲಿಲ್ಲ. ಸರ್ಕಾರಿ ನೆಲದಲ್ಲಿ ಮನೆ ಕಟ್ಟಲು ಕಾನೂನುಬದ್ಧ ಅನುಮತಿ ಪಡೆಯುವುದಕ್ಕೆ ಆರು ವರ್ಷ ಹನ್ನೊಂದು ತಿಂಗಳು, 52 ಕಚೇರಿಗಳಲ್ಲಿ 207 ಹಂತಗಳು ಬೇಕಾದವು.

ಎರಡು ಹೊಲಿಗೆ ಯಂತ್ರವಿರುವವನು 289 ದಿನ ಅಲೆಯುವನೇ? ಅಲೆಯುವುದಿಲ್ಲ. ಪರವಾನಗಿಯಿಲ್ಲದೆ ಆರಂಭಿಸುತ್ತಾನೆ. ಆರಂಭಿಸಿದ ಮೇಲೆ ಅಡಗಿಕೊಂಡು ಬದುಕುತ್ತಾನೆ: ದೊಡ್ಡದಾದರೆ ಕಣ್ಣಿಗೆ ಬೀಳುತ್ತೇನೆಂದು ಚಿಕ್ಕವನಾಗಿಯೇ ಉಳಿಯುತ್ತಾನೆ, ಮೋಸಹೋದರೆ ನ್ಯಾಯಾಲಯಕ್ಕೆ ಹೋಗಲಾರನಾದ್ದರಿಂದ ನೆಂಟರಿಷ್ಟರೊಂದಿಗೆ ಮಾತ್ರ ವ್ಯವಹರಿಸುತ್ತಾನೆ. ಬಡವರ ಬಳಿ ಮನೆಯಿದೆ, ನೆಲವಿದೆ, ಆದರೆ ದಾಖಲೆಯಿಲ್ಲದ ಕಾರಣ ಅದು ಸತ್ತ ಬಂಡವಾಳವಾಗಿ ಬಿದ್ದಿದೆ ಎಂಬುದು ಡಿ ಸೋಟೊ ಅವರ ವಾದ. ಅದನ್ನು ಮೊದಲ ಸಲ ಓದಿದಾಗ ಅಜ್ಜನ ಹೆಸರಿನಲ್ಲಿಯೇ ಉಳಿದ ನಮ್ಮ ಎರಡು ಎಕರೆ ಕಣ್ಣ ಮುಂದೆ ಬಂತು.

ಆದರೆ ಕಾಗದವೊಂದೇ ಮಂತ್ರದಂಡವೆಂದು ನಾನು ಹೇಳಲಾರೆ. 1990ರ ದಶಕದಲ್ಲಿ ಪೆರು ಸರ್ಕಾರ ನಗರಗಳ ಬಡಬಡಾವಣೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಹಕ್ಕುಪತ್ರಗಳನ್ನು ಹಂಚಿತು. ಖಾಸಗಿ ಬ್ಯಾಂಕುಗಳು ಅದನ್ನು ನೋಡಿ ಸಾಲದ ಬಾಗಿಲನ್ನೇನೂ ತೆರೆಯಲಿಲ್ಲವೆಂದು ಅನಂತರದ ಅಧ್ಯಯನಗಳು ತೋರಿಸಿದವು. ಆದರೆ ಯಾರೂ ಎಣಿಸಿರದ ಇನ್ನೊಂದು ಫಲ ಕಂಡಿತು: ಹಕ್ಕುಪತ್ರ ಸಿಕ್ಕಿದ ಮನೆಗಳವರು ಹೊರಗೆ ಹೋಗಿ ಹೆಚ್ಚು ಹೊತ್ತು ದುಡಿಯತೊಡಗಿದರು. ಅಲ್ಲಿಯವರೆಗೆ, ಬೇರೊಬ್ಬರು ಬಂದು ಜಾಗ ಆಕ್ರಮಿಸದಂತೆ ಮನೆಯಲ್ಲಿ ಒಬ್ಬರು ಕಾವಲು ಕೂರಬೇಕಾಗಿತ್ತು. ಕಾಗದ ಆ ಕಾವಲಿನಿಂದ ಅವರನ್ನು ಬಿಡಿಸಿತು.

ಎರಡನೆಯ ದೇಶ ಕೀನ್ಯಾ. ಅಲ್ಲಿ ನಗರದಲ್ಲಿ ದುಡಿಯುವವರು ಹಳ್ಳಿಯ ತಂದೆತಾಯಿಗೆ ಹಣ ಕಳುಹಿಸುವುದು ಹೇಗೆ? ಬ್ಯಾಂಕಿನ ಶಾಖೆಗಳು ಕಡಿಮೆ. ಬಹುಮಂದಿಗೆ ಖಾತೆಯೇ ಇರಲಿಲ್ಲ. ಅವರು ಹಣವನ್ನು ಬಸ್ ಚಾಲಕರ ಕೈಯಲ್ಲಿ, ಊರಿಗೆ ಹೋಗುವ ಪರಿಚಯದವರ ಕೈಯಲ್ಲಿ ಕೊಟ್ಟು ಕಳುಹಿಸುತ್ತಿದ್ದರು. ನಮ್ಮ ಲಾರಿ ಚಾಲಕನ ಕಥೆಯೇ. ತಲುಪಿದರೆ ತಲುಪಿತು, ತಲುಪಿದ್ದಕ್ಕೆ ಸಾಕ್ಷಿಯಿಲ್ಲ.

2005ರಲ್ಲಿ ಸಫಾರಿಕಾಮ್ ಎಂಬ ಮೊಬೈಲ್ ಕಂಪನಿ ಅಲ್ಲಿ ಒಂದು ಪ್ರಯೋಗ ಆರಂಭಿಸಿತು. ಉದ್ದೇಶ ಬೇರೆಯೇ ಇತ್ತು: ಕಿರುಸಾಲ ಪಡೆದವರು ಕಂತನ್ನು ಮೊಬೈಲ್ ಮೂಲಕ ಕಟ್ಟಲಿ ಎಂದು. ಆದರೆ ಜನ ಆ ಸೌಲಭ್ಯವನ್ನು ತಮ್ಮತಮ್ಮೊಳಗೆ ಹಣ ಕಳುಹಿಸಿಕೊಳ್ಳಲು ಬಳಸಿದರು. ಅದನ್ನು ಗಮನಿಸಿದ ಕಂಪನಿ ತನ್ನ ಯೋಜನೆಯನ್ನು ಬದಲಿಸಿ, 2007ರ ಮಾರ್ಚಿನಲ್ಲಿ ‘ಎಂ-ಪೆಸಾ’ ಎಂಬ ಹೆಸರಿನಲ್ಲಿ ದೇಶಕ್ಕೆಲ್ಲ ತೆರೆಯಿತು. ‘ಎಂ’ ಎಂದರೆ ಮೊಬೈಲ್; ‘ಪೆಸಾ’ ಎಂದರೆ ಸ್ವಾಹಿಲಿ ಭಾಷೆಯಲ್ಲಿ ಹಣ. ಅದು ನಮ್ಮ ‘ಪೈಸೆ’ಯೇ, ಕಡಲ ವ್ಯಾಪಾರದೊಂದಿಗೆ ಆ ದಡಕ್ಕೆ ಹೋದ ಪದ. 1920ರವರೆಗೆ ಆ ನಾಡಿನಲ್ಲಿ ರೂಪಾಯಿಯೇ ಚಲಾವಣೆಯ ನಾಣ್ಯವಾಗಿತ್ತು.

ಅದರ ಏರ್ಪಾಡು ಬಹು ಸರಳ. ಮೂಲೆಯಂಗಡಿಯವನೇ ಅಲ್ಲಿ ಪ್ರತಿನಿಧಿ. ಅವನ ಕೈಗೆ ನಗದು ಕೊಟ್ಟರೆ ನಿಮ್ಮ ಮೊಬೈಲಿಗೆ ಜಮೆಯಾಗುತ್ತದೆ. ಅಲ್ಲಿಂದ ಅಮ್ಮನ ನಂಬರಿಗೆ ಕಳುಹಿಸಿದರೆ, ಅಮ್ಮ ತನ್ನ ಊರಿನ ಅಂಗಡಿಯಲ್ಲಿ ಗುರುತುಚೀಟಿ ತೋರಿಸಿ ನಗದು ಪಡೆಯುತ್ತಾಳೆ. ಬಟನ್ ಇರುವ ಹಳೆಯ ಫೋನೇ ಸಾಕು. ಪ್ರತಿ ವ್ಯವಹಾರಕ್ಕೂ ಕೊಟ್ಟವರಿಗೂ ಪಡೆದವರಿಗೂ ತಕ್ಷಣ ಒಂದೊಂದು ಸಂದೇಶ ಬರುತ್ತದೆ. ನನ್ನ ಕಣ್ಣಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಆ ಸಂದೇಶ. ಅದೇ ಚೀಟಿ. ಎಂದೂ ಬ್ಯಾಂಕಿನ ಮೆಟ್ಟಿಲು ಹತ್ತದ ತರಕಾರಿಯವಳ ಬಳಿಯೂ ತಾರೀಕು, ಮೊತ್ತ, ಹೆಸರು ಸಹಿತವಾದ ಲೆಕ್ಕ ತಾನಾಗಿ ಉಳಿಯಿತು.

ಕಾನೂನಿನ ದೃಷ್ಟಿಯಿಂದಲೂ ಇದು ಸ್ವಾರಸ್ಯದ ಪ್ರಸಂಗ. ಬ್ಯಾಂಕಲ್ಲದ ಕಂಪನಿಯೊಂದು ಜನರ ಹಣವನ್ನು ಮುಟ್ಟುವುದಕ್ಕೆ ಆಗ ಅಲ್ಲಿ ತಕ್ಕ ಕಾಯಿದೆ ಇರಲಿಲ್ಲ. ಕಾಯಿದೆ ಇಲ್ಲವೆಂದು ಬಾಗಿಲು ಹಾಕುವ ಬದಲು ಕೀನ್ಯಾದ ಕೇಂದ್ರ ಬ್ಯಾಂಕು ವಿಷಯವನ್ನು ಪರಿಶೀಲಿಸಿ ‘ಆಕ್ಷೇಪವಿಲ್ಲ’ ಎಂಬ ಪತ್ರ ಕೊಟ್ಟಿತು. ಜನರ ಹಣ ಕಂಪನಿಯ ಗಲ್ಲಾಪೆಟ್ಟಿಗೆಗೆ ಸೇರದೆ, ಬ್ಯಾಂಕಿನಲ್ಲಿ ನ್ಯಾಸದ ಖಾತೆಯಲ್ಲಿ ಪ್ರತ್ಯೇಕವಾಗಿ ಉಳಿಯುವ ಏರ್ಪಾಡಾಯಿತು. ಮುಂದೆ ದೊಡ್ಡ ಬ್ಯಾಂಕುಗಳು ತಕರಾರು ಎತ್ತಿದಾಗ ತನಿಖೆ ನಡೆಯಿತು, ಸೇವೆ ಮುಂದುವರಿಯಿತು. ಇಂಥ ಪಾವತಿಗಳಿಗೆಂದೇ ಕಾಯಿದೆ ಬಂದದ್ದು 2011ರಲ್ಲಿ. 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ಈ ಸೇವೆಯಿಂದ ಸುಮಾರು 1,94,000 ಕುಟುಂಬಗಳು ಕಡುಬಡತನದಿಂದ ಮೇಲೆದ್ದವು. ಸುಮಾರು 1,85,000 ಹೆಂಗಸರು ಹೊಟ್ಟೆಪಾಡಿನ ಬೇಸಾಯದಿಂದ ಸಣ್ಣ ವ್ಯಾಪಾರಗಳತ್ತ ತಿರುಗಿದರು.

ಮೂರನೆಯದು ಬಾಂಗ್ಲಾದೇಶ. ಇಕ್ಬಾಲ್ ಕಾದಿರ್ ಎಂಬವರು ಬಾಲಕನಾಗಿದ್ದಾಗ, ಯುದ್ಧದ ದಿನಗಳಲ್ಲಿ, ಮನೆಯವರಿಗೆ ಔಷಧಿ ತರಲು ಅರ್ಧ ದಿನ ನಡೆದು ಇನ್ನೊಂದು ಹಳ್ಳಿಗೆ ಹೋದರು. ಔಷಧಿ ಕೊಡುವವರು ಅಲ್ಲಿರಲಿಲ್ಲ. ಇನ್ನರ್ಧ ದಿನ ನಡೆದು ಬರಿಗೈಯಲ್ಲಿ ಮನೆಗೆ ಬಂದರು. ಎಷ್ಟೋ ವರ್ಷಗಳ ಮೇಲೆ, ನ್ಯೂಯಾರ್ಕಿನ ಕಚೇರಿಯಲ್ಲಿ ಗಣಕಯಂತ್ರಗಳ ಸಂಪರ್ಕ ಕಡಿದು ಕೆಲಸ ನಿಂತ ಒಂದು ದಿನ, ಅವರಿಗೆ ಆ ನಡಿಗೆ ನೆನಪಾಯಿತಂತೆ. ಸಂಪರ್ಕವಿಲ್ಲದಿದ್ದರೆ ದುಡಿಮೆ ಪೋಲಾಗುತ್ತದೆ ಎಂಬ ಆ ಅರಿವೇ ಗ್ರಾಮೀಣ್ ಫೋನ್ ಎಂಬ ಕಂಪನಿಗೆ ಬೀಜವಾಯಿತು. 1997ರಲ್ಲಿ ಅದು ಕೆಲಸ ಆರಂಭಿಸಿತು. ನಾರ್ವೆಯ ಟೆಲಿನಾರ್ ಕಂಪನಿ ಬಂಡವಾಳವನ್ನೂ ತಂತ್ರಜ್ಞಾನವನ್ನೂ ತಂದಿತು. ಹಳ್ಳಿಹಳ್ಳಿಗಳಲ್ಲಿ ಹೆಂಗಸರನ್ನು ಬಲ್ಲ ಗ್ರಾಮೀಣ್ ಬ್ಯಾಂಕು ಅವರಿಗೆ ಸಾಲ ಕೊಟ್ಟಿತು. ಹೆಂಗಸೊಬ್ಬಳು ಆ ಸಾಲದಿಂದ ಫೋನ್ ಕೊಂಡು, ನೆರೆಹೊರೆಯವರಿಗೆ ಕರೆಯ ಲೆಕ್ಕದಲ್ಲಿ ಬಳಸಲು ಕೊಟ್ಟು ಕಂತು ತೀರಿಸುತ್ತಿದ್ದಳು. ಮುಂದೆ ಎಲ್ಲರ ಕೈಗೂ ಫೋನ್ ಬಂದಾಗ ಆ ಹೆಂಗಸರ ವ್ಯಾಪಾರ ಕುಗ್ಗಿತು ಎಂಬುದನ್ನೂ ಹೇಳಬೇಕು. ಯಾವ ಉದ್ಯಮವೂ ಚಿರಂಜೀವಿಯಲ್ಲ. ಆದರೆ ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಅದು ತನ್ನ ಕೆಲಸ ಮಾಡಿತ್ತು.

ಈ ಮೂರು ದೇಶಗಳಿಂದ ನಾನು ಕಲಿತದ್ದು ಒಂದೇ. ಬಡನಾಡುಗಳಲ್ಲಿ ಉಪಾಯಕ್ಕೆ ಬರವಿಲ್ಲ, ದುಡಿಮೆಗೂ ಬರವಿಲ್ಲ. ಬರವಿರುವುದು, ಮುಖ ನೋಡದ ಇಬ್ಬರು ಒಬ್ಬರನ್ನೊಬ್ಬರು ನಂಬುವುದಕ್ಕೆ ಬೇಕಾದ ಏರ್ಪಾಡಿಗೆ. ಊರೊಳಗೆ ಮಾತು ಸಾಕು. ಊರು ದಾಟಿದ ಕೂಡಲೇ ಮಾತಿನ ಬೆನ್ನಿಗೆ ಕಾಗದ ಬೇಕು. ಆ ಏರ್ಪಾಡನ್ನು ಯಾರೋ ಒಬ್ಬರು ಕಟ್ಟಿಕೊಟ್ಟಲ್ಲಿ ಉಪಾಯ ಉದ್ಯಮವಾಯಿತು. ಇಲ್ಲದಲ್ಲಿ ನೋಟುಪುಸ್ತಕವಾಗಿ ಉಳಿಯಿತು.

ನಮ್ಮ ನಾಡಿನಲ್ಲಿಯೂ ಇದಕ್ಕೆ ಸಾಕ್ಷಿಯಿದೆ. 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಒಂದೇ ಸಹಕಾರಿ ಸಂಸ್ಥೆಯ ಸದಸ್ಯರಾದರು. ರಾಜ್ಯದ ಗಡಿ ಅಡ್ಡಬರಲಿಲ್ಲ. ಮುಂದೆ ಕೋಕೋ ಬೆಳೆದವರಿಗೆ ಕೊಳ್ಳುವವರಿಲ್ಲದಂತಾದಾಗ ಅದೇ ಸಂಸ್ಥೆ ಕೋಕೋ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಗೋಣಿ ತೂಗಿ, ಚೀಟಿ ಬರೆದು, ಹಣ ಎಣಿಸಿ ಕೊಡುವ ಆ ಕ್ರಮ ನಮಗೆ ಈಗ ಸಾಮಾನ್ಯವೆಂದು ತೋರುತ್ತದೆ. ನಮ್ಮ ಅಜ್ಜಂದಿರ ಕಾಲಕ್ಕೆ ಅದು ಸಾಮಾನ್ಯವಾಗಿರಲಿಲ್ಲ.

ಇಷ್ಟನ್ನು ಬರೆಯಲು ಒಂದು ಪ್ರೇರಣೆಯಿದೆ. ಕಳೆದ ತಿಂಗಳು ಒಬ್ಬ ತರುಣಿ ಕಚೇರಿಗೆ ಬಂದಳು. ಚಿಕ್ಕಪ್ಪನ ಯಂತ್ರದಲ್ಲಿ ತಟ್ಟೆ ಒತ್ತುತ್ತಿದ್ದ ಇಬ್ಬರು ಹೆಂಗಸರಲ್ಲಿ ಒಬ್ಬರ ಮಗಳು. ಹನ್ನೆರಡನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಪದವಿ ಮುಗಿಸಿದ್ದಾಳೆ. ಕೊಟ್ಟಿಗೆಯಲ್ಲಿ ತುಕ್ಕು ಹಿಡಿದಿರುವ ಆ ಯಂತ್ರವನ್ನು ಕೊಂಡು ತಾನು ಆರಂಭಿಸಬೇಕೆಂದಿದ್ದಾಳೆ.

ನನ್ನ ಬಾಯಿಗೆ ಮೊದಲು ಬಂದದ್ದು ಹಳೆಯ ಬುದ್ಧಿವಾದವೇ: “ಪಿಎಸ್‌ಸಿ ಪರೀಕ್ಷೆಗೆ ಕೂತಿದ್ದೀಯಲ್ಲ ಮಗಳೇ, ಅದನ್ನೇ ನೋಡಬಾರದೇ? ಹಾಳೆ ತಟ್ಟೆಗೆ ಈಗ ಅಮೆರಿಕದಲ್ಲಿ ತಡೆ ಬಂದಿದೆಯಂತೆ.” 2025ರಲ್ಲಿ ಅಲ್ಲಿಯ ಆಹಾರ ಸುರಕ್ಷತೆಯ ಇಲಾಖೆ ಅಡಿಕೆ ಹಾಳೆಯ ತಟ್ಟೆಗಳ ಆಮದಿನ ವಿರುದ್ಧ ಎಚ್ಚರಿಕೆ ಹೊರಡಿಸಿದ್ದು ನಿಜ.

“ಗೊತ್ತುಂಟು ಸರ್,” ಎಂದಳು. “ನಾನು ಅಮೆರಿಕಕ್ಕೆ ಕಳುಹಿಸುವುದಿಲ್ಲ. ಇಲ್ಲಿಯ ಮದುವೆ, ಗೃಹಪ್ರವೇಶಗಳಿಗೆ ಕೊಡುವುದು. ಪರೀಕ್ಷೆ ಬರೆಯುತ್ತಲೇ ಇರುತ್ತೇನೆ. ಕಾಗದಪತ್ರ ಹೇಗೆ ಮಾಡಬೇಕೆಂದು ಮಾತ್ರ ಹೇಳಿ. ಎಲ್ಲವೂ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ, ತಪ್ಪು ಬರೆದೇನೋ ಎಂದು ಹೆದರಿಕೆ.”

ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಚಿಕ್ಕಪ್ಪನ ಮುಖ ನನಗೆ ಕಂಡಿತು. ಆ ದಿನ ಹೇಳದೆ ಉಳಿದದ್ದನ್ನು ಅವಳಿಗೆ ಎರಡು ಗಂಟೆ ಕೂರಿಸಿ ಹೇಳಿದೆ. ಅದರ ಸಾರವನ್ನು ಈ ಪತ್ರಿಕೆಯ ಓದುಗರಾದ ಹೆತ್ತವರ ಮುಂದೆಯೂ ಇಡುತ್ತೇನೆ.

ಪೆರುವಿನ 289 ದಿನಗಳ ಕಾಲ ನಮ್ಮಲ್ಲಿ ಬಹುಮಟ್ಟಿಗೆ ಕಳೆದಿದೆ. ಕೇರಳವು 2019ರಲ್ಲಿ ತಂದ ಕಾನೂನಿನಂತೆ, ಮಾಲಿನ್ಯದ ಹೆಚ್ಚಿನ ಭಯವಿಲ್ಲದ ಸಣ್ಣ ಉದ್ಯಮವನ್ನು ಒಂದು ಸ್ವಯಂಘೋಷಣೆ ಸಲ್ಲಿಸಿ, ಸ್ವೀಕೃತಿ ಪತ್ರ ಪಡೆದು ಆರಂಭಿಸಬಹುದು. ರಾಜ್ಯದ ಪರವಾನಗಿಗಳಿಗೆ ಮೊದಲ ಮೂರು ವರ್ಷ ಕಾಯಬೇಕಾಗಿಲ್ಲ, ಆಮೇಲೆ ಆರು ತಿಂಗಳೊಳಗೆ ಪಡೆದರಾಯಿತು. ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಆಧಾರ್ ಮತ್ತು ಪ್ಯಾನ್ ಇದ್ದರೆ ಅಕ್ಷಯ ಕೇಂದ್ರದಲ್ಲಿ ಕುಳಿತು ಮುಗಿಸಬಹುದು. ಈ ನೋಂದಣಿಯನ್ನು ಮೊದಲೇ ಮಾಡಿಸಿಕೊಳ್ಳುವುದು ಕ್ಷೇಮ. ಕಾರಣ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯಿದೆಯ ಪ್ರಕಾರ ಸಣ್ಣ ಉದ್ಯಮದಿಂದ ಮಾಲು ಕೊಂಡವನು, ಬರಹದ ಒಪ್ಪಂದವಿದ್ದರೂ, 45 ದಿನಕ್ಕಿಂತ ಹೆಚ್ಚು ಹಣ ತಡೆಯುವಂತಿಲ್ಲ. ತಡೆದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳು ತಿಂಗಳಿಗೆ ಚಕ್ರಬಡ್ಡಿಯಾಗಿ ಬೆಳೆಯುತ್ತದೆ. ವಸೂಲಿಗೆ ಪ್ರತ್ಯೇಕ ಮಂಡಳಿಯಿದೆ. ಚಿಕ್ಕಪ್ಪ ಮಾಲು ಕಳುಹಿಸುವಾಗ ಆ ಕಾಯಿದೆ ಹುಟ್ಟಿರಲಿಲ್ಲ. ಆದರೆ ಕಾಯಿದೆ ಇದ್ದರೂ ಬಿಲ್ ಬರೆಯದವರಿಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ಆದ್ದರಿಂದ ಮಾಲಿನ ಜೊತೆ ಬಿಲ್, ಮುಟ್ಟಿದ್ದಕ್ಕೆ ಸಹಿ, ಬಾಕಿಗೆ ಬರಹದ ಒಪ್ಪಿಗೆ. ಮತ್ತು ಮೂರು ವರ್ಷದ ಆ ಗಡುವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕುವುದು.

ಭಾಷೆಯ ಹೆದರಿಕೆಗೂ ಒಂದು ಮಾತು. ಸಂವಿಧಾನದ 350ನೆಯ ವಿಧಿಯ ಪ್ರಕಾರ, ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ನಾವು ಆ ಹಕ್ಕನ್ನು ಸಭೆಗಳಲ್ಲಿ ಕೊಂಡಾಡುತ್ತೇವೆ, ಬಳಸುವುದು ವಿರಳ. ಅದೇ ಹೊತ್ತಿಗೆ, ಮಲಯಾಳದ ನೋಟೀಸನ್ನೂ ಇಂಗ್ಲಿಷಿನ ಅರ್ಜಿಯನ್ನೂ ಓದಿ ತಿಳಿಯುವಷ್ಟು ಅಭ್ಯಾಸ ನಮ್ಮ ಮಕ್ಕಳಿಗೆ ಇರಲೇಬೇಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ಯಾರೂ ಹೇಳಿಲ್ಲ. ಚಿಕ್ಕಪ್ಪ ಅಚ್ಚಿನ ಅಂಚನ್ನು ಎತ್ತರಿಸಬೇಕೆಂದು ಯೋಚಿಸಿದ್ದು ಕನ್ನಡದಲ್ಲಿ. ಆ ಯೋಚನೆಗೆ ಭಾಷೆಯಿಂದ ಏನೂ ಕೊರತೆಯಾಗಲಿಲ್ಲ. ಕೊರತೆಯಾದದ್ದು ಮುಂದಿನ ಹೆಜ್ಜೆಯಲ್ಲಿ. ಆ ಹೆಜ್ಜೆಯನ್ನು ಶಾಲೆಯಲ್ಲಿಯೂ ಮನೆಯಲ್ಲಿಯೂ ಯಾರೂ ಅವರಿಗೆ ಕಲಿಸಿರಲಿಲ್ಲ. ನಮ್ಮ ಶಾಲೆಗಳಲ್ಲಿ ರಜೆಯ ಅರ್ಜಿ ಬರೆಯಲು ಕಲಿಸುತ್ತೇವೆ. ಹತ್ತನೆಯ ತರಗತಿ ಮುಗಿಯುವ ಮೊದಲು ಒಂದು ಬಿಲ್, ಒಂದು ರಶೀದಿ, ಒಂದು ಕರಾರುಪತ್ರ ಬರೆಯುವುದನ್ನೂ ಕಲಿಸಿದರೆ ಎಷ್ಟು ಹೊತ್ತು ಹಿಡಿದೀತು? ಯಾವುದಾದರೂ ಶಾಲೆ ಕರೆದರೆ ಒಂದು ಶನಿವಾರ ಬಂದು ಹೇಳಿಕೊಡಲು ನಾನು ಸಿದ್ಧ. ಮತ್ತು ಹಿರಿಯರಲ್ಲಿ ಒಂದು ವಿನಂತಿ: ಅಜ್ಜನ ಹೆಸರಿನಲ್ಲಿರುವ ಆಸ್ತಿಯ ಪಾಲುಪಟ್ಟಿಯನ್ನು ನೀವಿರುವಾಗಲೇ ಮಾಡಿಸಿಡಿ. ಮೊಮ್ಮಕ್ಕಳು ಸಹಿಗಾಗಿ ಊರೂರು ಅಲೆಯುವಂತಾಗದಿರಲಿ.

ಮೊನ್ನೆ ಭಾನುವಾರ ಆ ಹುಡುಗಿ ಮತ್ತು ಅವಳ ತಾಯಿ ಚಿಕ್ಕಪ್ಪನ ಮನೆಗೆ ಬಂದರು, ನಾನೂ ಹೋಗಿದ್ದೆ. ಎಪ್ಪತ್ತು ದಾಟಿದ ಚಿಕ್ಕಪ್ಪ ಯಂತ್ರಕ್ಕೆ ಹೊದೆಸಿದ್ದ ಗೋಣಿಯನ್ನು ತಾವೇ ತೆಗೆದು, ಅಚ್ಚುಗಳನ್ನು ಎಣ್ಣೆಬಟ್ಟೆಯಿಂದ ಒರೆಸಿದರು. ಹಣವೇ ಬೇಡವೆಂದು ಹಠ ಹಿಡಿದರು. ಹುಡುಗಿ ಒಪ್ಪಲಿಲ್ಲ. ಕೊನೆಗೆ ಮೂರು ಸಾವಿರ ಎಂದು ಮಾತಾಯಿತು. ಅವಳು ಮೊಬೈಲಿನಿಂದ ಕಳುಹಿಸಿದಳು. ಚಿಕ್ಕಪ್ಪನ ಫೋನ್ ಟಿಣ್ ಎಂದಿತು.

ಅಷ್ಟರಲ್ಲಿ ಅವಳ ತಾಯಿ ಮೆಲ್ಲನೆ ಕೇಳಿದರು: “ಇದಕ್ಕೊಂದು ಚೀಟಿ ಬೇಡವಾ ಅಣ್ಣ?”

ಚಿಕ್ಕಪ್ಪ ನನ್ನ ಕಡೆ ನೋಡಿದರು. ನಾನು ಕಾಗದ ಹುಡುಕುತ್ತ ಒಳಗೆ ಹೋದೆ.